ಮುಚ್ಚಿದ ಡೂಮಿನೊಳಗೆ ಎಲ್‌ಇಡಿ ಬಲ್ಬು ಹಾಕುವ ಮುಂಚೆ ಇದನ್ನು ಓದಿ

ನಮ್ಮ ನಡುಮನೆಯ ಚಾವಣಿಯಲ್ಲಿ ಗುಂಡನೆಯ ಗಾಜಿನ ಡೂಮ್ ಲೈಟು ಒಂದಿದೆ. ವರ್ಷಗಟ್ಟಲೆ ಅದರೊಳಗೆ 60 ವ್ಯಾಟಿನ ಹಳೇ ತಂತಿಯ ಬಲ್ಬು ತಕರಾರಿಲ್ಲದೆ ಉರಿಯುತ್ತಿತ್ತು. ಅದು ಹೋದಾಗ ನಾನು ಅತಿಜಾಣತನ ಮಾಡಿದೆ. ಹೋಲ್ಡರಿನ ಪಕ್ಕ ‘ಗರಿಷ್ಠ 60 ವ್ಯಾಟ್’ ಅಂತ ಬರೆದಿತ್ತು. 20 ವ್ಯಾಟಿನ ಎಲ್‌ಇಡಿ ಹಾಕಿದರೆ ಬೆಳಕು ಎರಡು ಪಟ್ಟಿಗೂ ಹೆಚ್ಚು, ವ್ಯಾಟ್ ಮಾತ್ರ ಮಿತಿಯ ಮೂರರಲ್ಲೊಂದು ಪಾಲು. ಇನ್ನೇನು ಬೇಕು? ಡೂಮಿನ ಸ್ಕ್ರೂ ಬಿಗಿದು ಸ್ಟೂಲಿನಿಂದ ಇಳಿದೆ.

ನಾಲ್ಕನೇ ತಿಂಗಳಿಗೆ ಮಿಣುಕಲು ಶುರು. ಪೀಸೇ ಸರಿಯಿಲ್ಲ ಅಂದುಕೊಂಡು ವಾರಂಟಿಯಲ್ಲಿ ಬದಲಿಸಿಕೊಂಡು ಬಂದೆ. ಎರಡನೆಯದರ ಕತೆಯೂ ಅಷ್ಟೇ. ಮೂರನೆಯದು ಒಂದು ಸಂಜೆ ಪ್ಲಾಸ್ಟಿಕ್ ಸುಟ್ಟ ವಾಸನೆ ಕೊಟ್ಟಿತು. ಮೇನ್ ಆಫ್ ಮಾಡಿ, ಆರಿದ ಮೇಲೆ ಡೂಮ್ ಬಿಚ್ಚಿದರೆ ಬಲ್ಬಿನ ಬಿಳಿ ಕುತ್ತಿಗೆ ಕಂದು ಬಣ್ಣಕ್ಕೆ ತಿರುಗಿತ್ತು. ಹೋಲ್ಡರಿಗೆ ಬಂದ ವೈರಿನ ಹೊದಿಕೆ ಬೆರಳು ತಾಗಿದ್ದೇ ತರಗೆಲೆಯ ಹಾಗೆ ಉದುರಿತು. (ಅದು ಎಲ್‌ಇಡಿಯ ಕೆಲಸವಲ್ಲ, ವರ್ಷಗಟ್ಟಲೆ ಕಾದ ಹಳೇ ಬಲ್ಬು ಬಿಟ್ಟುಹೋದ ಆಸ್ತಿ.)

ನೋಡಲು ಬಂದ ಎಲೆಕ್ಟ್ರಿಷಿಯನ್ ನಕ್ಕರು. “ಬಲ್ಬಿಂದು ತಪ್ಪಿಲ್ಲ ಸಾರ್. ಅದಕ್ಕೆ ಉಸಿರಾಡೋಕೆ ನೀವು ಜಾಗಾನೇ ಕೊಟ್ಟಿಲ್ಲ.”

ಎಲ್‌ಇಡಿ ಬಿಸಿಯಾಗುವುದಿಲ್ಲ ಅನ್ನುವ ಮಾತೇ ನನ್ನನ್ನು ಕೆಡಿಸಿದ್ದು. ಹಳೇ ಬಲ್ಬಿನ ಶಾಖ ಬಹುಪಾಲು ಕಿರಣವಾಗಿ ಹೊರಗೆ ಹೋಗುತ್ತದೆ, ಒಳಗೆ ಬೇಯುವಂಥದ್ದು ಏನೂ ಇಲ್ಲ. ತಂತಿ ಕಾಯುವುದಕ್ಕೇ ಇರುವುದು. ಎಲ್‌ಇಡಿಯ ಶಾಖ ಬೆಳಕು ಕೊಡುವ ಪುಟ್ಟ ಚಿಪ್‌ನ ಹಿಂಬದಿಯಿಂದ ಬುಡಕ್ಕೆ ಇಳಿಯುತ್ತದೆ. ಕರೆಂಟನ್ನು ಹದಗೊಳಿಸುವ ಡ್ರೈವರ್ ಕೂತಿರುವುದೂ ಅದೇ ಬುಡದಲ್ಲಿ. ಅದರೊಳಗೆ ಕರೆಂಟನ್ನು ಕೂಡಿಟ್ಟು ಕೊಡುವ ಕೆಪಾಸಿಟರ್ ಎಂಬ ಬಿಡಿಭಾಗದ ಆಯುಷ್ಯ ಬಿಸಿ 10 ಡಿಗ್ರಿ ಏರಿದಂತೆಲ್ಲ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಡೂಮಿನೊಳಗಿನ ಗಾಳಿ ಹೊರಗೆ ಹೋಗಲು ದಾರಿಯೇ ಇಲ್ಲದಿದ್ದರೆ ಅದು ಉಳಿಯುವುದಾದರೂ ಹೇಗೆ? ಹೋಲ್ಡರಿನ ಮೇಲಿದ್ದ 60 ವ್ಯಾಟ್ ಅನ್ನುವುದು ಹೋಲ್ಡರು, ವೈರು ತಡೆಯಬಲ್ಲ ಶಾಖದ ಮಾತು. ಎಲ್‌ಇಡಿ ಎಷ್ಟು ತಡೆದೀತು ಅನ್ನುವುದನ್ನು ಅದು ಹೇಳುವುದಿಲ್ಲ. ಸಿಎಫ್‌ಎಲ್‌ನ ಬುಡದಲ್ಲೂ ಎಲೆಕ್ಟ್ರಾನಿಕ್ಸ್ ಇರುವುದರಿಂದ ಅದಕ್ಕೂ ಇದೇ ಗತಿ. ಜೊತೆಗೆ ಅದು ಒಡೆದರೆ ಪಾದರಸ ಬೇರೆ, ಕಿಟಕಿ ತೆರೆದಿಟ್ಟು ಸ್ವಲ್ಪ ಹೊತ್ತು ಹೊರಗಿರಬೇಕು, ಚೂರುಗಳನ್ನು ಗುಡಿಸದೆ ಗಟ್ಟಿ ಕಾಗದದಲ್ಲಿ ಎತ್ತಬೇಕು.

ಆಮೇಲೆ ಬಲ್ಬಿನ ಡಬ್ಬಿ ಹುಡುಕಿ ನೋಡಿದೆ. ಮುಂದೆ ದಪ್ಪಕ್ಷರದಲ್ಲಿ ‘25,000 ಗಂಟೆ’. ಬದಿಯಲ್ಲಿ, ಕನ್ನಡಕ ಹಾಕಿದರೂ ಕಷ್ಟಪಟ್ಟು ಓದಬೇಕಾದ ಸಾಲಿನಲ್ಲಿ, ಮುಚ್ಚಿದ ಫಿಟ್ಟಿಂಗಿಗೆ ಬಳಸಬಾರದು, ಡಿಮ್ಮರಿಗೆ (ಬೆಳಕು ಹೆಚ್ಚುಕಡಿಮೆ ಮಾಡುವ ಸ್ವಿಚ್ಚಿಗೆ) ಹಾಕಬಾರದು. ಆ ಗಂಟೆಗಳ ಲೆಕ್ಕ ಗಾಳಿಯಾಡುವ ಜಾಗದ್ದು. ಡಿಮ್ಮರ್ ಅಂತ ಓದಿದ ಮೇಲೆ ಮಲಗುವ ಕೋಣೆಯಲ್ಲಿ ಡಿಮ್ಮರಿಗೇ ಹಾಕಿದ್ದ ಲೈಟು ರಾತ್ರಿಯೆಲ್ಲ ಗುಂಯ್‌ಗುಡುತ್ತಿದ್ದ ಗುಟ್ಟೂ ಬಯಲಾಯಿತು.

ಈಗ ಡೂಮಿನಲ್ಲಿರುವುದು 9 ವ್ಯಾಟಿನದು, ಮುಚ್ಚಿದ ಫಿಟ್ಟಿಂಗಿಗೆ ಆಗುತ್ತದೆ ಅಂತ ಡಬ್ಬಿಯ ಮೇಲೇ ಬರೆದಿರುವುದು. ಕೊಳ್ಳುವಾಗ ವ್ಯಾಟ್ ಬಿಟ್ಟು ಲುಮೆನ್, ಅಂದರೆ ಬೆಳಕಿನ ಅಳತೆ, ನೋಡಿದೆ. ಹಳೇ 60 ವ್ಯಾಟಿನಷ್ಟು ಬೆಳಕಿಗೆ ಸುಮಾರು 800 ಸಾಕು. ಬಣ್ಣಕ್ಕೆ 2700 ಕೆಲ್ವಿನ್, ಅಂದರೆ ಹಳದಿ ಛಾಯೆಯದು. ಹಿಂದಿನ 6500ರ ನೀಲಿಬಿಳಿ ಬೆಳಕಿನಲ್ಲಿ ಮನೆಯವರೆಲ್ಲ ಜ್ವರದಿಂದ ಎದ್ದವರ ಹಾಗೆ ಕಾಣುತ್ತಿದ್ದರು.

ನಿಮ್ಮ ಮನೆಯಲ್ಲೂ ಒಂದೇ ಜಾಗದ ಬಲ್ಬು ಪದೇ ಪದೇ ಹೋಗುತ್ತಿದ್ದರೆ ನಾಲ್ಕನೆಯದನ್ನು ತರಬೇಡಿ. ಮೇನ್ ಆಫ್ ಮಾಡಿಸಿ, ಮೊದಲು ಹೋಲ್ಡರನ್ನೂ ವೈರನ್ನೂ ಬಲ್ಲವರಿಗೆ ತೋರಿಸಿ.