ಮಂಗಳ ನೋಡಲು 6 ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್ ಸಾಕೇ?

ಸಾಕು. ಆದರೆ ಈ ಕನ್ನಡಿ ಟೆಲಿಸ್ಕೋಪಿನ ಜತೆಗೆ ಬರುವ 25 ಮಿ.ಮೀ. ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಸಾಲದು. ಟೆಲಿಸ್ಕೋಪಿನ 1200 ಮಿ.ಮೀ. ನಾಭಿದೂರಕ್ಕೆ (ಕನ್ನಡಿಯಿಂದ ಬಿಂಬ ಮೂಡುವ ಜಾಗದವರೆಗಿನ ದೂರ) ಅದು ಕೊಡುವುದು ಬರೀ 48 ಪಟ್ಟು ವರ್ಧನೆ, ಮಂಗಳ ಕೇಸರಿ ಚುಕ್ಕಿಯಾಗಿಯೇ ಉಳಿಯುತ್ತದೆ. 6 ಮಿ.ಮೀ. ಐಪೀಸ್ ಹಾಕಿದರೆ 200 ಪಟ್ಟು: ಧ್ರುವದ ಬಿಳಿ ಹಿಮ ಕಾಣುತ್ತದೆ, ಆ ಮುಖ ನಮ್ಮತ್ತ ತಿರುಗಿದ್ದಾಗ ಸಿರ್ಟಿಸ್ ಮೇಜರ್‌ನ ಕಪ್ಪು ಪಟ್ಟೆಯೂ ಕಾಣುತ್ತದೆ. ಹಿಂದೆ ಸಮುದ್ರವೆಂದು ನಂಬಿದ್ದ ಈ ಪಟ್ಟೆ ಅಸಲಿಗೆ ಲಾವಾ ಶಿಲೆ. ನಿಜವಾಗಿ ನೀರಿದ್ದ ಜೆಜೆರೊ ಕುಳಿ ಅದರ ಅಂಚಿನ ಪಕ್ಕದಲ್ಲೇ ಇದೆ. 350 ಕೋಟಿ ವರ್ಷಗಳಿಗೂ ಹಿಂದೆ ಅಲ್ಲಿ ನದಿ ಹರಿದು ಕೆರೆ ತುಂಬಿತ್ತು. ನಾಸಾದ ಪರ್ಸಿವಿಯರೆನ್ಸ್ ರೋವರ್ 2024ರಲ್ಲಿ ಅಲ್ಲಿ ಕೊರೆದ ಕಲ್ಲಿನ ಮಚ್ಚೆಗಳು ಹಳೆಯ ಸೂಕ್ಷ್ಮಜೀವಿಗಳ ಗುರುತಾಗಿರಬಹುದು, ಇನ್ನೂ ಖಚಿತವಾಗಿಲ್ಲ. 45 ಕಿ.ಮೀ. ಅಗಲದ ಆ ಕುಳಿ ಈ ಟೆಲಿಸ್ಕೋಪಿನಲ್ಲಿ ಕಾಣದು, ಜಾಗವನ್ನಷ್ಟೇ ಗುರುತಿಸಬಹುದು. ಅದೇ ರೋಮಾಂಚನ!

ಬೆಂಗಳೂರಿನ ತಾರಸಿಯಲ್ಲಿ ಬೀದಿದೀಪಕ್ಕಿಂತ ಕಾಂಕ್ರೀಟಿನ ಬಿಸಿಯೇ ದೊಡ್ಡ ತೊಂದರೆ, ಬಿಸಿಗಾಳಿಗೆ ಬಿಂಬ ಕುದಿಯುವಂತೆ ಅಲುಗಾಡುತ್ತದೆ. ಟೆಲಿಸ್ಕೋಪು ತಣಿಯಲು ಅದನ್ನು 40 ನಿಮಿಷ ಮೊದಲೇ ಹೊರಗಿಡಿ, ತಡರಾತ್ರಿ ನೋಡಿ. ಸಾಗಣೆಯಲ್ಲಿ ಕನ್ನಡಿಗಳ ಜೋಡಣೆ ಅಲುಗಿರಬಹುದು. ಫೋಕಸ್ ತಪ್ಪಿಸಿ ನಕ್ಷತ್ರವನ್ನು ತುಸು ಮಸುಕಾಗಿಸಿದಾಗ ಕಾಣುವ ಉಂಗುರಗಳು ಒಂದು ಬದಿಗೆ ವಾಲಿದ್ದರೆ ಕೊಳವೆಯ ಹಿಂಬದಿಯ ತಿರುಪುಗಳನ್ನು ಒಂದೊಂದಾಗಿ, ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ. ಮಂಗಳ ಮತ್ತೆ ಹತ್ತಿರ ಬರುವುದು 2027ರ ಫೆಬ್ರವರಿಯಲ್ಲಿ.