1969ರ 10 ವಾಟ್ ಆಂಪ್‌ನ ನಕಲು ಕಿಟ್: ಸರ್ಕ್ಯೂಟ್ ಅಪ್ಪಟ, ಟ್ರಾನ್ಸಿಸ್ಟರ್ ಖೋಟಾ

ಈ ಆಂಪ್ (ಆಂಪ್ಲಿಫೈಯರ್) ಈಗ ನನ್ನ ಮೇಜಿನ ಮೇಲೆ ಹಾಡುತ್ತಿದೆ. ಅದನ್ನು ತೆಗೆದಿಡುವ ಯೋಚನೆ ಇಲ್ಲ. ಆದರೆ ಕಿಟ್ ಪೆಟ್ಟಿಗೆಯಲ್ಲಿ ಏನಿತ್ತೋ ಅದನ್ನೇ ನಂಬಿ ಕೂತಿದ್ದರೆ ಈ ಮಾತು ಹೇಳುವ ಹಾಗೇ ಇರಲಿಲ್ಲ, ಹಾಗಾಗಿ ಕೊಳ್ಳುವ ಮುಂಚೆ ದಯವಿಟ್ಟು ಪೂರ್ತಿ ಓದಿ.

ಇದು ಜಾನ್ ಲಿನ್ಸ್ಲಿ ಹುಡ್ ಎಂಬ ಬ್ರಿಟಿಷ್ ಎಂಜಿನಿಯರ್ 1969ರ ಏಪ್ರಿಲ್‌ನಲ್ಲಿ ವೈರ್‌ಲೆಸ್ ವರ್ಲ್ಡ್ ಪತ್ರಿಕೆಯಲ್ಲಿ ಪ್ರಕಟಿಸಿದ ಕ್ಲಾಸ್ ಎ ಆಂಪ್‌ನ ನಕಲು. ಒಂದು ಚಾನೆಲ್‌ಗೆ ಬರೀ ನಾಲ್ಕು ಟ್ರಾನ್ಸಿಸ್ಟರ್. ಕಾಗದದ ಮೇಲೆ ನೋಡಿದರೆ ಇಷ್ಟೇನಾ ಅನಿಸುತ್ತದೆ. 8 ಓಮ್ ಸ್ಪೀಕರ್‌ಗೆ 27 ವೋಲ್ಟ್ ಕೊಡಬೇಕು, 1.2 ಆಂಪಿಯರ್ ಕರೆಂಟ್ ಸದಾ ಹರಿಯುತ್ತಿರಬೇಕು. ಹಾಡು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಕ್ಲಾಸ್ ಎ ಅಂದರೆ ಇದೇ, ಔಟ್‌ಪುಟ್‌ನ ಎರಡೂ ಟ್ರಾನ್ಸಿಸ್ಟರ್ ಯಾವಾಗಲೂ ಎಚ್ಚರವಾಗಿರುತ್ತವೆ, ಒಂದು ನಿಂತು ಇನ್ನೊಂದು ಶುರುವಾಗುವ ಜಾಗವೇ ಇಲ್ಲ, ಆ ಜಾಗದಲ್ಲಿ ಹುಟ್ಟುವ ಕರಕರ ಕೂಡ ಇಲ್ಲ. ಅದಕ್ಕೆ ಕೊಡುವ ಬೆಲೆ ಶಾಖ. 27ನ್ನು 1.2ರಿಂದ ಗುಣಿಸಿದರೆ ಚಾನೆಲ್‌ಗೆ 32 ವಾಟ್ ಆಯಿತು, ಎರಡಕ್ಕೂ ಸೇರಿ 65. ಕೇಳಿಸುವುದು ಹೆಚ್ಚೆಂದರೆ 10.

ಈಗ ಕಿಟ್ ವಿಷಯ. ಬೋರ್ಡ್ ನಿಜಕ್ಕೂ ಚೆನ್ನಾಗಿದೆ. ತಾಮ್ರ ದಪ್ಪ ಇದೆ, ಅಕ್ಷರ ಸ್ಪಷ್ಟ, ಗ್ರೌಂಡ್ ದಾರಿಗಳನ್ನು ಯೋಚನೆ ಮಾಡಿ ಎಳೆದಿದ್ದಾರೆ. ಎರಡು ಪ್ರಿಸೆಟ್ (ಸ್ಕ್ರೂಡ್ರೈವರ್‌ನಿಂದ ತಿರುಗಿಸಿ ಹೊಂದಿಸುವ ಚಿಕ್ಕ ರೆಸಿಸ್ಟರ್) ಇವೆ, ಒಂದು ಮಧ್ಯದ ವೋಲ್ಟೇಜ್‌ಗೆ, ಇನ್ನೊಂದು ಕರೆಂಟ್‌ಗೆ. ಬೆಸುಗೆ ಹಾಕಲು ಒಂದು ಸಂಜೆ ಸಾಕಾಯಿತು. ರೆಸಿಸ್ಟರ್‌ಗಳನ್ನು ಮೀಟರ್‌ನಲ್ಲಿ ಒಂದೊಂದಾಗಿ ನೋಡಿದೆ, ಎಲ್ಲ ಸರಿ ಇದ್ದವು.

ಡಬ್ಬಿಯ ಮೇಲಿನ ಬರಹ ಮಾತ್ರ ಸುಳ್ಳು. 24 ವೋಲ್ಟ್ ಕೊಡಿ, 8 ಓಮ್‌ಗೆ 20 ವಾಟ್ ಬರುತ್ತದೆ ಅಂತ ಬರೆದಿದ್ದಾರೆ. ಸುಮ್ನೆ ಲೆಕ್ಕ ಹಾಕಿ ನೋಡಿ. 24ರ ಅರ್ಧ 12. ಒಂದಿಷ್ಟೂ ವೋಲ್ಟ್ ನಷ್ಟವಾಗಲಿಲ್ಲ ಅಂತಲೇ ಇಟ್ಟುಕೊಳ್ಳೋಣ, ಅಲೆಯ ತುದಿ 12 ವೋಲ್ಟ್ ಮುಟ್ಟಿತು ಅನ್ನೋಣ, ಆಗಲೂ 9 ವಾಟ್ ದಾಟುವುದಿಲ್ಲ. ನಿಜದಲ್ಲಿ ಇನ್ನೂ ಕಡಿಮೆ. 10 ವಾಟ್ ಬೇಕಾದರೆ ತುದಿಯಲ್ಲಿ 12.6 ವೋಲ್ಟ್ ಬೇಕು, ಮೂಲ ಲೇಖನ 27 ವೋಲ್ಟ್ ಕೇಳಿದ್ದು ಸುಮ್ಮನೆ ಅಲ್ಲ.

ಇನ್ನು ನನಗೆ ಸಿಟ್ಟು ಬರಿಸಿದ ಭಾಗ. ಮೂಲದಲ್ಲಿದ್ದದ್ದು ಎಂಜೆ480 ಟ್ರಾನ್ಸಿಸ್ಟರ್. ಈಗಿನ ಕಿಟ್‌ಗಳಲ್ಲಿ 2ಎನ್3055 ಕೊಡುತ್ತಾರೆ, ಅದರಲ್ಲಿ ತಪ್ಪೇನಿಲ್ಲ, ಗಟ್ಟಿ ಟ್ರಾನ್ಸಿಸ್ಟರ್ ಅದು. ಆದರೆ ನನಗೆ ಬಂದ ನಾಲ್ಕೂ ಖೋಟಾ. ಎಡ ಚಾನೆಲ್‌ಗೆ 1.2 ಆಂಪಿಯರ್ ಇಟ್ಟು ಮೀಟರ್ ನೋಡುತ್ತಾ ಕೂತಿದ್ದೆ. ಬಿಸಿಯಾದಂತೆ ಕರೆಂಟ್ ಮೆಲ್ಲಗೆ ಏರುತ್ತಾ ಹೋಯಿತು, ಇಳಿಸಿದೆ, ಮತ್ತೆ ಏರಿತು, ಅರ್ಧ ಗಂಟೆ ಆಗುವಷ್ಟರಲ್ಲಿ ಠಪ್ ಅಂತ ಒಂದು ಸದ್ದು ಬಂದು ಫ್ಯೂಸ್ ಹೋಯಿತು. ಮೇಲಿನ ಟ್ರಾನ್ಸಿಸ್ಟರ್ ಶಾರ್ಟ್ ಆಗಿತ್ತು. ಸ್ಪೀಕರ್ ಉಳಿದದ್ದು ಔಟ್‌ಪುಟ್‌ನ ಕೆಪಾಸಿಟರ್‌ನಿಂದ. ಅದು ಡಿಸಿಯನ್ನು ತಡೆಯುತ್ತದೆ, ಹಾಗಾಗಿ ಸ್ಪೀಕರ್ ಒಮ್ಮೆ ಬೆಚ್ಚಿ ಸುಮ್ಮನಾಯಿತು. ಈ ಕೆಪಾಸಿಟರ್ ಹಳೇ ಕಾಲದ್ದು, ತೆಗೆದು ಬಿಸಾಕಿ ಅನ್ನುವವರು ತುಂಬಾ ಜನ ಇದ್ದಾರೆ. ನಾನು ತೆಗೆಯುವುದಿಲ್ಲ.

ಸತ್ತ ಟ್ರಾನ್ಸಿಸ್ಟರ್‌ನ ಮುಚ್ಚಳವನ್ನು ಗರಗಸದಿಂದ ಕುಯ್ದು ನೋಡಿದೆ. ಒಳಗಿನ ಸಿಲಿಕಾನ್ ತುಣುಕು ಎಷ್ಟು ಚಿಕ್ಕದು ಅಂದರೆ 115 ವಾಟ್ ತಡೆಯುವ ಟ್ರಾನ್ಸಿಸ್ಟರ್ ಇದು ಅಂತ ಹೇಳಲು ಸಾಧ್ಯವೇ ಇಲ್ಲ. ಉಳಿದ ಮೂರನ್ನು ನನ್ನ ಹತ್ತಿರ ಇದ್ದ ಹಳೆಯ ಅಸಲಿ 2ಎನ್3055 ಜೊತೆ ತೂಗಿದರೆ ಎದ್ದು ಕಾಣುವಷ್ಟು ಹಗುರ. ಸ್ಪಿರಿಟ್ ಹಚ್ಚಿ ಉಜ್ಜಿದರೆ ಅಕ್ಷರವೂ ಬಟ್ಟೆಗೆ ಬಂತು. ಮಾರಿದವರಿಗೆ ಫೋಟೋ ಸಮೇತ ಬರೆದೆ, ಬೇರೆ ಕಳಿಸುತ್ತೇವೆ ಅಂದರು, ಬಂದವೂ ಅಂಥವೇ. ಕೊನೆಗೆ ಅಸಲಿ ಟ್ರಾನ್ಸಿಸ್ಟರ್‌ಗಳನ್ನು ನಂಬಿಕೆಯ ಕಡೆಯಿಂದ ಬೇರೆಯಾಗಿ ತರಿಸಿದೆ. ಜೋಡಿಯಲ್ಲಿ ಗೇನ್ (ಕರೆಂಟನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಅನ್ನುವುದು) ಸ್ವಲ್ಪ ಹೆಚ್ಚು ಕಮ್ಮಿ ಇದ್ದರೆ, ಜಾಸ್ತಿ ಇರುವುದನ್ನು ಕೆಳಗೆ ಹಾಕಿ, ಅಂದರೆ ಎಮಿಟರ್ (ಟ್ರಾನ್ಸಿಸ್ಟರ್‌ನ ಮೂರು ತುದಿಗಳಲ್ಲಿ ಒಂದು, ಇನ್ನೆರಡು ಬೇಸ್ ಮತ್ತು ಕಲೆಕ್ಟರ್) ಗ್ರೌಂಡ್‌ಗೆ ಹೋಗುವ ಜಾಗಕ್ಕೆ.

ಹೀಟ್‌ಸಿಂಕ್ ಕೂಡ ಚಿಕ್ಕದು. ಕಿಟ್‌ನದನ್ನು ಅಳೆದಾಗ ಪ್ರತಿ ವಾಟ್‌ಗೆ ಸುಮಾರು 2 ಡಿಗ್ರಿ ಏರುತ್ತಿತ್ತು. 32 ವಾಟ್‌ಗೆ 64 ಡಿಗ್ರಿ, ಅದರ ಮೇಲೆ ಕೋಣೆಯ ಬಿಸಿ. ಕೈ ಇಟ್ಟರೆ ಸುಡುತ್ತದೆ. ಅದರ ಬದಲು ಚಾನೆಲ್‌ಗೊಂದು ದೊಡ್ಡ ಹೀಟ್‌ಸಿಂಕ್ ಹಾಕಿದ್ದೇನೆ, ವಾಟ್‌ಗೆ 1 ಡಿಗ್ರಿಗಿಂತ ಕಡಿಮೆ. ಈಗ ಬೆಚ್ಚಗಿದೆ, ಅಷ್ಟೇ. ಟ್ರಾನ್ಸಿಸ್ಟರ್‌ನ ಲೋಹದ ಮೈಯೇ ಕಲೆಕ್ಟರ್, ಹಾಗಾಗಿ ಕೆಳಗೆ ಮೈಕಾ ಹಾಳೆ, ಎರಡೂ ಬದಿಗೆ ಪೇಸ್ಟ್ ಇರಲೇಬೇಕು. ಸ್ಕ್ರೂ ಬಿಗಿ ಮಾಡಿದ ಮೇಲೆ ಹೀಟ್‌ಸಿಂಕ್‌ಗೂ ಮೈಗೂ ಶಾರ್ಟ್ ಇಲ್ಲ ಅಂತ ಮೀಟರ್ ಇಟ್ಟು ನೋಡಿಕೊಂಡೇ ಕರೆಂಟ್ ಕೊಡಿ.

ಪವರ್ ಸಪ್ಲೈ ಕಿಟ್‌ನಲ್ಲಿ ಬರುವುದಿಲ್ಲ, ಆದರೆ ಆಂಪ್ಲಿಫೈಯರ್‌ನ ಅರ್ಧ ಭಾಗವೇ ಅದು. ಮೊದಲು ಬ್ರಿಜ್ (ಎಸಿಯನ್ನು ಡಿಸಿ ಮಾಡುವ ಡಯೋಡ್ ಜೋಡಣೆ) ಮತ್ತು 10,000 ಮೈಕ್ರೋಫ್ಯಾರಡ್ ಕೆಪಾಸಿಟರ್ ಮಾತ್ರ ಹಾಕಿ ನೋಡಿದೆ. ಗುಂಯ್ ಅನ್ನುವ ಸದ್ದು ಹಾಡಿನ ಹಿಂದೆ ಕೂತೇ ಇತ್ತು. ಕಾರಣ ಸರಳ, ಎರಡು ಚಾನೆಲ್ ಸೇರಿ 2.4 ಆಂಪಿಯರ್ ಸದಾ ಎಳೆಯುತ್ತವೆ, ಮೇನ್ಸ್ 50 ಹರ್ಟ್ಸ್ ಇರುವಾಗ ಅಷ್ಟು ಕೆಪಾಸಿಟರ್ ಮೇಲೆ 2 ವೋಲ್ಟ್ ಹತ್ತಿರ ಏರಿಳಿತ ಉಳಿಯುತ್ತದೆ. ಆಮೇಲೆ ಕೆಪಾಸಿಟನ್ಸ್ ಮಲ್ಟಿಪ್ಲೈಯರ್ ಹಾಕಿದೆ. ಅದೂ ಒಂದು ಪವರ್ ಟ್ರಾನ್ಸಿಸ್ಟರ್ರೇ, ಅದರ ಬೇಸ್‌ನಲ್ಲಿ ಒಂದು ರೆಸಿಸ್ಟರ್ ಮತ್ತು ಕೆಪಾಸಿಟರ್ ಇರುತ್ತವೆ, ಬೇಸ್ ಶಾಂತವಾಗಿದ್ದರೆ ಎಮಿಟರ್ ಕೂಡ ಶಾಂತ. ಎರಡು ಮೂರು ವೋಲ್ಟ್ ಅಲ್ಲಿ ಹೋಗುತ್ತದೆ, ಅದರ ಲೆಕ್ಕ ಮೊದಲೇ ಹಾಕಿಕೊಂಡು ಟ್ರಾನ್ಸ್‌ಫಾರ್ಮರ್ ಆರಿಸಿ. ನಾನು 160 ವಿಎ (ವೋಲ್ಟ್-ಆಂಪಿಯರ್) ಸಾಮರ್ಥ್ಯದ್ದು ಹಾಕಿದ್ದೇನೆ. ಈಗ ಸ್ಪೀಕರ್‌ಗೆ ಕಿವಿ ಇಟ್ಟರೂ ಏನೂ ಕೇಳುವುದಿಲ್ಲ.

ಮೊದಲ ಸಲ ಆನ್ ಮಾಡುವಾಗ ಮೇನ್ಸ್‌ಗೆ ಸಾಲಾಗಿ ಹಳೇ ತಂತಿ ಬಲ್ಬ್ ಹಾಕುವ ಅಭ್ಯಾಸ ಒಳ್ಳೆಯದು, ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬ್ ಉರಿದು ಕರೆಂಟ್ ತಡೆಯುತ್ತದೆ. ಆದರೆ ಈ ಆಂಪ್ ಪೂರ್ತಿ ಕರೆಂಟ್‌ನಲ್ಲಿ ಇದ್ದರೆ ಬಲ್ಬ್ ಉರಿದೇ ಉರಿಯುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಏನೋ ಕೆಟ್ಟಿದೆ ಅಂತ ಹೆದರಬೇಡಿ. ಕರೆಂಟ್ ಪ್ರಿಸೆಟ್ ಅನ್ನು ತೀರಾ ಕಡಿಮೆಗೆ ಇಟ್ಟು ಬಲ್ಬ್ ಪರೀಕ್ಷೆ ಮುಗಿಸಿ, ಆಮೇಲೆ ಬಲ್ಬ್ ತೆಗೆದು ಮೆಲ್ಲಗೆ ಏರಿಸಿ. ಮಧ್ಯದ ಬಿಂದುವನ್ನು 27ರ ಅರ್ಧಕ್ಕೆ, ಅಂದರೆ 13.5 ವೋಲ್ಟ್‌ಗೆ ತನ್ನಿ. ಒಂದು ಗಂಟೆ ಬಿಸಿಯಾಗಲು ಬಿಟ್ಟು ಕರೆಂಟ್, ಮಧ್ಯದ ವೋಲ್ಟೇಜ್ ಎರಡನ್ನೂ ಮತ್ತೆ ನೋಡಿ.

ಇಷ್ಟೆಲ್ಲ ಪಟ್ಟ ಮೇಲೆ ಕೇಳಿಸುವುದು ಹೇಗೆ? ಹಾಡುವವರ ಉಸಿರು ಕೇಳುತ್ತದೆ. ತಂಬೂರಿಯ ನಾದ ತೆಳುವಾಗುತ್ತಾ ಹೋಗುವುದನ್ನು ಕೊನೆಯವರೆಗೂ ಹಿಂಬಾಲಿಸಬಹುದು, ನಡುವೆ ಎಲ್ಲೂ ಕಡಿಯುವುದಿಲ್ಲ. ಸದ್ದು ಕಡಿಮೆ ಇಟ್ಟಾಗಲೇ ಇದು ಹೆಚ್ಚು ಚಂದ, ಯಾಕೆಂದರೆ ಸದ್ದು ಇಳಿದಂತೆ ಇದರ ಡಿಸ್ಟಾರ್ಷನ್ (ಸದ್ದಿನ ವಿರೂಪ) ಕೂಡ ಇಳಿಯುತ್ತದೆ. ಕೆಳಗಿನ ಸ್ವರಗಳಿಗೂ ಕೊರತೆ ಇಲ್ಲ. ಕಿಟ್‌ನ 2200 ಮೈಕ್ರೋಫ್ಯಾರಡ್ ಔಟ್‌ಪುಟ್ ಕೆಪಾಸಿಟರ್ 8 ಓಮ್‌ಗೆ ಸುಮಾರು 9 ಹರ್ಟ್ಸ್‌ಗಿಂತ ಕೆಳಗಿನದನ್ನಷ್ಟೇ ಕಡಿಯುತ್ತದೆ, ನಾನು 4700 ಹಾಕಿದ್ದೇನೆ, ನಿಜ ಹೇಳಬೇಕೆಂದರೆ ವ್ಯತ್ಯಾಸ ನನ್ನ ಕಿವಿಗೆ ಗೊತ್ತಾಗಲಿಲ್ಲ.

ಸ್ಪೀಕರ್ ನೋಡಿಕೊಳ್ಳಿ. ನನ್ನದು 90 ಡಿಬಿ, ಅಂದರೆ 1 ವಾಟ್‌ಗೆ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು, 10 ವಾಟ್‌ಗೆ ಒಂದು ಮೀಟರ್ ದೂರದಲ್ಲಿ 100 ಡಿಬಿ, ಚಿಕ್ಕ ಕೋಣೆಗೆ ಜಾಸ್ತಿಯೇ ಆಯಿತು. ನಿಮ್ಮದು 84 ಡಿಬಿ ಆಗಿದ್ದರೆ ಅಷ್ಟೇ ಸದ್ದಿಗೆ ನಾಲ್ಕು ಪಟ್ಟು ವಾಟ್ ಬೇಕು, ಅಂಥವರಿಗೆ ಇದು ಬೇಡ. ಇಡೀ ದಿನ ಆನ್ ಇಡುವವರಿಗೂ ಬೇಡ. ಇಡೀ ಆಂಪ್‌ ವೋಲ್ಟೇಜ್ ಹಿಗ್ಗಿಸುವುದು ಸುಮಾರು 13 ಪಟ್ಟು ಮಾತ್ರ, ಪೂರ್ತಿ ಸದ್ದಿಗೆ 0.7 ವೋಲ್ಟ್ ಇನ್‌ಪುಟ್ ಬೇಕು, ಕೆಲವು ಫೋನ್‌ಗಳಿಂದ ಅಷ್ಟು ಬರುವುದಿಲ್ಲ.

ನನ್ನ ಅಂಕ: ಸರ್ಕ್ಯೂಟ್‌ಗೆ 5ಕ್ಕೆ 5, ಬೋರ್ಡ್‌ಗೆ 4, ಜೊತೆಗೆ ಬಂದ ಟ್ರಾನ್ಸಿಸ್ಟರ್‌ಗೆ ಸೊನ್ನೆ. ಬರೀ ಬೋರ್ಡ್ ತರಿಸಿ, ಉಳಿದದ್ದನ್ನು ನೀವೇ ಆರಿಸಿ. ನಾನೂ ಇನ್ನೊಂದು ಜೊತೆ ಬೋರ್ಡ್ ತರಿಸಿದ್ದೇನೆ. ಒಂದು ಜೊತೆ ಹಳೇ 15 ಓಮ್ ಸ್ಪೀಕರ್ ಸಿಕ್ಕಿದೆ, ಅದಕ್ಕೆ ಮೂಲ ಲೇಖನ ಹೇಳುವುದು 36 ವೋಲ್ಟ್, 0.9 ಆಂಪಿಯರ್. ಟ್ರಾನ್ಸ್‌ಫಾರ್ಮರ್ ಸುತ್ತಿಸಲು ಕೊಟ್ಟಿದ್ದೇನೆ.