ಉತುವಾಡೋದ ತನಮಾ ನದಿ ಗುಹೆ ಟ್ರಿಪ್: ಗೈಡ್‌ಗೆ ಐದು ಸ್ಟಾರ್, ಟೂರ್ ಕಂಪನಿ ಆಫೀಸ್‌ಗೆ ಎರಡೇ

ಮೊದ್ಲೇ ಹೇಳ್ಬಿಡ್ತೀನಿ, ಗಾಳಿ ತುಂಬಿದ ಟ್ಯೂಬ್ ಮೇಲೆ ಆರಾಮಾಗಿ ಮಲ್ಕೊಂಡು ತೇಲ್ಕೊಂಡ್ ಹೋಗೋ ಫೋಟೋ ನೋಡಿ ಬುಕ್ ಮಾಡೋರು ಒಂದ್ಸಲ ಯೋಚ್ನೆ ಮಾಡಿ. ತೇಲೋದು ಸ್ವಲ್ಪ, ನಡೆಯೋದೇ ಜಾಸ್ತಿ, ಅದ್ರಲ್ಲೂ ಕೊನೇಲಿ ಒದ್ದೆ ಬಟ್ಟೇಲಿ ಒದ್ದೆ ಶೂನಲ್ಲಿ ಗುಡ್ಡ ಹತ್ತಿ ಮೇಲೆ ಬರೋದಿದ್ಯಲ್ಲ, ಅದನ್ನ ಯಾವ ಜಾಹೀರಾತಲ್ಲೂ ತೋರ್ಸಲ್ಲ.

ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪಕ್ಕೆ ಹೋದೋರು ಹೆಚ್ಚಾಗಿ ಸ್ಯಾನ್ ಹುವಾನ್ ಕೋಟೆ, ಬೀಚು ಅಂತ ಮುಗಿಸ್ಕೊಂಡ್ ಬರ್ತಾರೆ. ಉತುವಾಡೋ ಅನ್ನೋದು ಆ ದ್ವೀಪದ ನಡುಮಧ್ಯದ ಬೆಟ್ಟಸೀಮೆಯ ಊರು. ಸ್ಯಾನ್ ಹುವಾನಿಂದ ಅರೆಸೀಬೋ ಊರಿನ ತನಕ ಟೋಲ್ ರೋಡು, ಆಮೇಲೆ 10ನೇ ನಂಬರ್ ರಸ್ತೆ ಹಿಡಿದು ಬೆಟ್ಟ ಹತ್ಬೇಕು. ಅಲ್ಲೀವರ್ಗೂ ಚೆನ್ನಾಗೇ ಇರತ್ತೆ, ಒಳದಾರಿಗೆ ತಿರುಗಿದ್ಮೇಲೆ ಬರೀ ತಿರುವು, ಎದುರಿಂದ ಕಾರು ಬಂದ್ರೆ ಒಬ್ರು ರಿವರ್ಸ್ ತಗೋಬೇಕು. ವಾಂತಿ ಬರೋರು ಮಾತ್ರೆ ಇಟ್ಕೊಳಿ. ಇನ್ನೊಂದು ತಮಾಷೆ ಅಂದ್ರೆ ಅಲ್ಲಿ ದೂರದ ಬೋರ್ಡು ಕಿಲೋಮೀಟರಲ್ಲಿ ಇರತ್ತೆ, ಸ್ಪೀಡ್ ಲಿಮಿಟ್ ಮಾತ್ರ ಮೈಲಿಯಲ್ಲಿ, ಡ್ರೈವ್ ಮಾಡೋರು ನೋಡ್ಕೊಳಿ.

ಇನ್ನು ನದಿ ವಿಷ್ಯ. ಆ ಭಾಗ ಪೂರ್ತಿ ಸುಣ್ಣಕಲ್ಲು, ಮಳೆನೀರು ಲಕ್ಷಾಂತರ ವರ್ಷ ಕಲ್ಲನ್ನ ಕರಗಿಸ್ತಾ ಕರಗಿಸ್ತಾ ಗುಹೆ, ಗುಂಡಿ, ದುಂಡನೆ ಗುಡ್ಡ ಎಲ್ಲ ಮಾಡಿದೆ, ತನಮಾ ನದಿ ಅದ್ರ ಮಧ್ಯ ಗುಡ್ಡದ ಒಳಗೇ ತೂರ್ಕೊಂಡು ಆಚೆ ಬರತ್ತೆ. 305 ಮೀಟರ್ ಅಗಲದ ಅರೆಸೀಬೋ ರೇಡಿಯೋ ಟೆಲಿಸ್ಕೋಪ್ ಇತ್ತಲ್ಲ, 2020ರ ಡಿಸೆಂಬರಲ್ಲಿ ಕುಸಿದುಬಿತ್ತಲ್ಲ, ಅದನ್ನೂ ಇದೇ ಸುಣ್ಣಕಲ್ಲು ಸೀಮೆಯ ಒಂದು ಗುಂಡೀಲೇ ಕಟ್ಟಿದ್ರು. ಗುಹೆ ಒಳಗೆ ಸ್ವಲ್ಪ ದೂರ ಹೋದ್ಮೇಲೆ ಗೈಡ್ ಎಲ್ರ ಹೆಡ್‌ಲ್ಯಾಂಪೂ ಆಫ್ ಮಾಡಿಸ್ತಾನೆ. ಕಣ್ಣ ಮುಂದೆ ಕೈ ಆಡ್ಸಿದ್ರೂ ಕಾಣಲ್ಲ, ಬಾವಲಿ ರೆಕ್ಕೆ ಸದ್ದು, ಎಲ್ಲೋ ಮೇಲಿಂದ ಹನಿ ಬೀಳೋ ಸದ್ದು ಅಷ್ಟೇ. ಲೈಟ್ ಮತ್ತೆ ಹಾಕ್ದಾಗ ಹೆಲ್ಮೆಟ್‌ಗೆ ಒಂದು ಗೇಣು ಮೇಲೇ ಚೂಪು ಕಲ್ಲು ನೇತಾಡ್ತಿರೋದು ಕಾಣತ್ತೆ, ಆಗ ಗೊತ್ತಾಗತ್ತೆ ಹೆಲ್ಮೆಟ್ ಯಾಕೆ ಅಷ್ಟು ಬಿಗಿಯಾಗಿ ಕಟ್ಟಿದ್ರು ಅಂತ.

ದುಡ್ಡು ಕೊಟ್ಟಿದ್ದಕ್ಕೆ ನಿಜವಾಗ್ಲೂ ಸಿಕ್ಕಿದ್ದು ಗೈಡ್. ಹುಡುಗ ಅದೇ ಊರೋನು. ನೀರಿಗಿಳಿಯೋಕೆ ಮುಂಚೆ ದಡದಲ್ಲಿ ನೀರು ಎಲ್ಲಿಗೆ ಮುಟ್ಟಿದ್ಯೋ ಕರೆಕ್ಟಾಗಿ ಅಲ್ಲಿ ಒಂದು ಬಿಳಿ ಕಲ್ಲಿಟ್ಟ, ತಿಂಡಿ ತಿನ್ನೋವಾಗ್ಲೂ ಕಣ್ಣು ಅದ್ರ ಮೇಲೇ. ನಮ್ಮ ತಲೆ ಮೇಲೆ ಬಿಸಿಲಿತ್ತು, ಆದ್ರೆ ಮೇಲಿನ ಬೆಟ್ಟದಲ್ಲಿ ಮಳೆ ಆಗಿದ್ರೆ ಇಲ್ಲಿ ನೀರು ಒಂದೇ ಸಲ ನುಗ್ಗತ್ತಂತೆ, ಅಲ್ಲಿಯೋರು ಅದಕ್ಕೆ ಗೋಲ್ಪೆ ದೆ ಆಗ್ವಾ ಅಂತಾರೆ. ನೋಡ್ತಾ ನೋಡ್ತಾ ಹಸಿರಾಗಿದ್ದ ನೀರು ಚಹಾ ಬಣ್ಣಕ್ಕೆ ತಿರುಗ್ತು, ಕಸಕಡ್ಡಿ ತೇಲ್ಕೊಂಡ್ ಬರೋಕೆ ಶುರು, ಕಲ್ಲು ಮುಳುಗ್ತು, ಅವನು ಒಂದು ಮಾತೂ ಚರ್ಚೆ ಮಾಡ್ದೆ ಟ್ಯೂಬಿಂಗ್ ಕ್ಯಾನ್ಸಲ್ ಅಂದ್ಬಿಟ್ಟ. ಗ್ರೂಪಲ್ಲಿ ಒಬ್ರು ಇಷ್ಟು ದೂರ ಬಂದಿದೀವಿ ಅಂತ ರೇಗಾಡಿದ್ರು, ಅವನು ನಗ್ತಾನೇ ಎಲ್ರನ್ನೂ ಮೇಲೆ ಹತ್ತಿಸ್ದ. ಆ ಊರೋರಿಗೆ ನೀರಿನ ಭಯ ಸುಮ್ನೆ ಇಲ್ಲ, 2017ರಲ್ಲಿ ಮರಿಯಾ ಚಂಡಮಾರುತ ಬಂದು ಸೇತುವೆಗಳೇ ಹೋಗಿದ್ವು, ಅದಾದ್ಮೇಲೆ ಹಾಕಿದ್ದ ತಾತ್ಕಾಲಿಕ ಸೇತುವೇನೂ 2022ರಲ್ಲಿ ಫಿಯೋನಾ ಬಂದಾಗ ಕೊಚ್ಕೊಂಡ್ ಹೋಯ್ತು.

ಈಗ ಆಫೀಸ್ ಪುರಾಣ. ತಲೆಗೆ ನೂರು ಡಾಲರ್ ಮೇಲೆ ತಗೊಂಡು, ಅರ್ಧ ಟ್ರಿಪ್ ಆಗ್ಲಿಲ್ಲ ಏನಾದ್ರೂ ವಾಪಸ್ ಕೊಡ್ತೀರಾ ಅಂದ್ರೆ ನೀವು ಸೈನ್ ಮಾಡಿದ ಪೇಪರಲ್ಲಿ ಇದೆ ನೋಡ್ಕೊಳಿ ಅಂದ್ರು. ಇದೆ, ಒಪ್ಕೋತೀನಿ, ಆದ್ರೆ ಮಳೆ ದಿನಗಳಲ್ಲೂ ಮಧ್ಯಾಹ್ನದ ಸ್ಲಾಟ್ ಮಾರ್ತಾರಲ್ಲ ಅದು ಸರಿನಾ? ಅಲ್ಲಿ ಬೆಟ್ಟದ ಮಳೆ ಹೆಚ್ಚಾಗಿ ಮಧ್ಯಾಹ್ನವೇ ಬರೋದು. ಸಾಲದು ಅಂತ ಫೋಟೋಗೆ ಬೇರೆ ಚಾರ್ಜು, ಫೋನು ಒಳಗೆ ತರ್ಬೇಡಿ ಅಂದೋರೂ ಇವ್ರೇ! ಹಾಗಾಗಿ ಬುಕ್ ಮಾಡಿದ್ರೆ ಬೆಳಗ್ಗೆ ಮೊದಲ್ನೇ ಬ್ಯಾಚೇ ಮಾಡಿ, ಸಾಧ್ಯವಾದ್ರೆ ಜನವರಿಯಿಂದ ಮಾರ್ಚ್ ಒಳಗೆ ಹೋಗಿ.

ಚಪ್ಪಲಿ, ಕ್ರಾಕ್ಸ್ ಎಲ್ಲ ಬೇಡ, ಲೇಸ್ ಇರೋ ಹಳೇ ಶೂ, ಮೊಣಕಾಲು ಮುಚ್ಚೋ ಪ್ಯಾಂಟು. ಸುಣ್ಣಕಲ್ಲು ಚೂಪು, ಮುಟ್ಟಿದ್ರೆ ಕೊಯ್ಯತ್ತೆ. ಮೈಮೇಲೆ ಗಾಯ ಇದ್ರೆ ನೀರಿಗಿಳಿಯೋದೇ ಬೇಡ, ಅಲ್ಲಿನ ಹೊಳೆ ನೀರಲ್ಲಿ ಇಲಿಜ್ವರದ ರಿಸ್ಕ್ ಇದೆ. ಮಂಡಿನೋವು ಇರೋ ಅಪ್ಪ ಅಮ್ಮನ್ನ ದಯವಿಟ್ಟು ಕರ್ಕೊಂಡ್ ಹೋಗ್ಬೇಡಿ.

ಊಟ ಪ್ಯಾಕೇಜಲ್ಲಿ ಇರ್ಲಿಲ್ಲ, ರಸ್ತೆ ಬದಿ ಅಂಗಡೀಲಿ ತಿಂದ್ವಿ. ವೆಜ್ ಅವ್ರು ಹುಷಾರು, ತೊಗರಿಕಾಳು ಹಾಕಿದ ಅನ್ನ ನೋಡೋಕೆ ಪಕ್ಕಾ ವೆಜ್ ಥರ ಇರತ್ತೆ ಆದ್ರೆ ಸಾಮಾನ್ಯವಾಗಿ ಹಂದಿಮಾಂಸ ಹಾಕೇ ಬೇಯ್ಸಿರ್ತಾರೆ, ಕೇಳಿ ತಗೊಳಿ. ಬಾಳೆಕಾಯಿ ಜಜ್ಜಿ ಕರಿದ ತೊಸ್ತೋನೆಸ್ ಬಿಸಿಬಿಸಿ ಇದ್ದಾಗ ಸೂಪರ್. ಕಾಫಿ ಆ ಬೆಟ್ಟದ್ದೇ, ಎರಡು ಕಪ್ ಕುಡಿದೆ.

ಟ್ಯೂಬಿಂಗ್ ಕ್ಯಾನ್ಸಲ್ ಆಗಿದ್ದಕ್ಕೆ ಟೈಮ್ ಉಳೀತು ಅಂತ ಕಾಗ್ವಾನಾ ಪಾರ್ಕಿಗೆ ಹೋದ್ವಿ. ಕೊಲಂಬಸ್ ಬರೋಕೆ ಮುಂಚೆ ಅಲ್ಲಿದ್ದ ಮೂಲನಿವಾಸಿ ತೈನೋ ಜನರ ಚೆಂಡಾಟದ ಅಂಗಳಗಳು, ಸುತ್ತ ನಿಲ್ಲಿಸಿದ ಕಲ್ಲುಗಳ ಮೇಲೆ ಕೆತ್ತಿದ ಮುಖಗಳು. ಕಪ್ಪೆ ಥರ ಕಾಲು ಮಡಚಿ ಕೂತ ಹೆಣ್ಣಿನ ಕೆತ್ತನೆ ಒಂದಿದೆ, ಗೆರೆ ಸವೆದಿದೆ, ನೆತ್ತಿ ಮೇಲೆ ಬಿಸಿಲಿದ್ರೆ ಸರಿಯಾಗಿ ಕಾಣಲ್ಲ, ಬಿಸಿಲು ಓರೆಯಾದ್ಮೇಲೆ ನೋಡಿ. ಗುಹೆ ಟ್ರಿಪ್‌ಗೆ ಕೊಟ್ಟಿದ್ರ ಮುಂದೆ ಟಿಕೆಟ್ ಏನೇನೂ ಅಲ್ಲ.

ಮತ್ತೆ ಹೋಗ್ತೀನಾ? ಹೋಗ್ತೀನಿ, ಆದ್ರೆ ಅದೇ ಗೈಡ್ ಇದ್ರೆ. ಟಿಪ್ಸ್‌ಗೆ ಕ್ಯಾಶ್ ಇಟ್ಕೊಂಡಿರಿ, ನದಿ ಹತ್ರ ಸಿಗ್ನಲ್ಲೇ ಇಲ್ಲ, ಕಾರ್ಡು ಗೀರ್ಡು ಏನೂ ನಡಿಯಲ್ಲ.